ಹಬೆ ಕೊಟ್ಟ ಗೂಡು

ಈಗಿನ ಮಕ್ಕಳಿಗೆ ಹೇಳಿದರೆ ನಗುತ್ತಾರೆ. ಒಂದು ಕಾಲದಲ್ಲಿ ಕ್ಯಾನ್ಸರಿನ ಮದ್ದು ಹಿಪ್ಪುನೇರಳೆ ಸೊಪ್ಪು ತಿಂದು ಬೆಳೆಯುತ್ತಿತ್ತು. ಅದಕ್ಕೆ ನಾಲ್ಕು ಸಲ ಜ್ವರ ಬರುತ್ತಿತ್ತು. ಹತ್ತಿರದಲ್ಲಿ ಯಾರಾದರೂ ಮೆಣಸಿನಕಾಯಿ ಒಗ್ಗರಣೆ ಹಾಕಿದರೆ ಮುನಿಸಿಕೊಂಡು ಸೊಪ್ಪು ಬಿಡುತ್ತಿತ್ತು. "ಅಜ್ಜಿ, ಮದ್ದಿಗೇ ಜ್ವರ ಬರುತ್ತಾ?" ಎಂದು ನನ್ನ ಮೊಮ್ಮಗಳು ಕೇಳುತ್ತಾಳೆ. ಬರುತ್ತಿತ್ತು, ಏನು ಮಾಡುವುದು. ರೇಷ್ಮೆಹುಳು ಪೊರೆ ಬಿಡುವುದಕ್ಕೆ ನಮ್ಮ ಕಡೆ ಜ್ವರ ಎಂದೇ ಹೆಸರು.

ನನ್ನ ಹೆಸರು ಸಿಂಚನಾ. ಅಜ್ಜಿಗೆ ಇಂಥ ಹೆಸರೇ ಎಂದು ಅದಕ್ಕೂ ನಗುತ್ತಾಳೆ. ನಮ್ಮ ಕಾಲದಲ್ಲಿ ಒಂದು ತರಗತಿಗೆ ಮೂವರು ಸಿಂಚನಾ ಇರುತ್ತಿದ್ದೆವು, ಅದನ್ನು ಹೇಳಿದರೆ ಇನ್ನೂ ಜೋರಾಗಿ ನಗುತ್ತಾಳೆ. ನಮ್ಮ ತಾಲ್ಲೂಕು ಆಸ್ಪತ್ರೆಯ ಹಿಂದೆ, ರೋಗಿಗಳ ರಕ್ತದ ಕೋಶ ಬೆಳೆಸುತ್ತಿದ್ದ ಕೋಶದ ಮನೆಯಲ್ಲಿ ನಾನು ಮೂವತ್ತೈದು ವರ್ಷ ಟೆಕ್ನಿಷಿಯನ್ ಆಗಿ ದುಡಿದೆ. ಹೋದ ತಿಂಗಳು ಅದನ್ನು ಮುಚ್ಚಿದರು. ಮುಚ್ಚಿದ್ದು ತಪ್ಪೆಂದು ಹೇಳುವಷ್ಟು ದಡ್ಡಿ ನಾನಲ್ಲ. ಅದೇ ಮದ್ದು ಈಗ ಉಕ್ಕಿನ ಟ್ಯಾಂಕಿನಲ್ಲಿ, ಯೀಸ್ಟಿನ ಹೊಟ್ಟೆಯಲ್ಲಿ ತಯಾರಾಗಿ ಪೆನ್ಸಿಲ್ ಗಾತ್ರದ ಕೊಳವೆಯಲ್ಲಿ ಬರುತ್ತದೆ. ಸೊಪ್ಪು ಕೇಳುವುದಿಲ್ಲ, ಮುನಿಸಿಕೊಳ್ಳುವುದಿಲ್ಲ, ಒಳ್ಳೆಯದೇ ಆಯಿತು.

ಆದರೆ ಮುಚ್ಚುವ ದಿನದ ಸಮಾರಂಭಕ್ಕೆಂದು ಒಂದು ಕಿರುಹೊತ್ತಿಗೆ ಅಚ್ಚು ಹಾಕಿಸಿದ್ದರು. ಅದರ ನಾಲ್ಕನೇ ಪುಟದಲ್ಲಿ ಈ ಸಾಲು ಇತ್ತು: 'ಆರಂಭದ ವರ್ಷಗಳಲ್ಲಿ, ತರಬೇತಿಯಿಲ್ಲದ ಮಹಿಳಾ ಸಿಬ್ಬಂದಿಯೊಬ್ಬರ ಅಜ್ಞಾನದಿಂದ ಒಂದು ಬೆಳೆ ಪೂರ್ತಿಯಾಗಿ ನಷ್ಟವಾಯಿತು.' ಓದಿ ನನಗೆ ಮೈಯೆಲ್ಲಾ ಉರಿದುಹೋಯಿತು. ಆಮೇಲೆ ನಾಚಿಕೆಯಾಯಿತು. ಆ ಸಿಬ್ಬಂದಿಯ ಹೆಸರು ಖುರ್ಷಿದಾಬಿ. ಅಂದು ಏನಾಯಿತೆಂದು ಪೂರ್ತಿ ಗೊತ್ತಿರುವವಳು ಈಗ ನಾನೊಬ್ಬಳೇ.

ಮೊದಲು ಮದ್ದಿನ ವಿಷಯ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ನಮ್ಮ ರಕ್ತದಲ್ಲಿ ಕಾವಲು ಕೋಶಗಳಿವೆ. ಕ್ಯಾನ್ಸರು ಅವುಗಳ ಕಣ್ಣಿಗೆ ಮಣ್ಣೆರಚಿ ಬೆಳೆಯುತ್ತದೆ. ರೋಗಿಯ ರಕ್ತದಿಂದ ಒಂದಿಷ್ಟು ಕಾವಲು ಕೋಶಗಳನ್ನು ಹೊರತೆಗೆದು, ಕಳ್ಳನ ಗುರುತು ಹೇಳಿಕೊಟ್ಟು, ಎರಡು ವಾರ ಬೆಳೆಸಿ, ಸಾವಿರ ಇದ್ದದ್ದನ್ನು ಕೋಟಿ ಮಾಡಿ ವಾಪಸು ರಕ್ತಕ್ಕೆ ಬಿಡುವುದು ಚಿಕಿತ್ಸೆ. ಕೇಳುವುದಕ್ಕೆ ಸುಲಭ. ತೊಂದರೆ ಏನೆಂದರೆ, ದೇಹದ ಹೊರಗೆ ಈ ಕೋಶಗಳು ಬದುಕಲು ಒಪ್ಪುವುದಿಲ್ಲ. ಸಕ್ಕರೆ ಕೊಡಿ, ಲವಣ ಕೊಡಿ, ಮೈಯಷ್ಟೇ ಬೆಚ್ಚಗಿಡಿ, ಸಾಯುತ್ತವೆ. ಅವಕ್ಕೆ ಬೇಕಾದದ್ದು ಬೆಳವಣಿಗೆ ಅಂಶ ಎಂಬ ಪ್ರೋಟೀನು. ಅದು ಊಟವಲ್ಲ. 'ನೀನು ಬೇಕು, ಇರು, ಬೆಳೆ' ಎಂದು ದೇಹ ತನ್ನ ಕೋಶಕ್ಕೆ ಕಳಿಸುವ ಮಾತು. ಎರಡು ದಿನ ಆ ಮಾತು ಕೇಳಿಸದಿದ್ದರೆ ಕೋಶಗಳು ತಮ್ಮನ್ನು ತಾವೇ ಮುಗಿಸಿಕೊಳ್ಳುತ್ತವೆ.

ಇದನ್ನು ಅಮ್ಮನಿಗೆ ಹೇಳಿದಾಗ ಅವಳು ಸೊಪ್ಪು ಕತ್ತರಿಸುತ್ತಿದ್ದಳು. ಒಂದು ಗಳಿಗೆ ಕತ್ತಿ ನಿಲ್ಲಿಸಿ, "ಮನುಷ್ಯರೂ ಹಂಗೇ ಅಲ್ವೇನೆ" ಎಂದು ಮತ್ತೆ ಕತ್ತರಿಸತೊಡಗಿದಳು.

ಆ ಮಾತನ್ನು ತಯಾರಿಸುವ ಮನುಷ್ಯನ ಜೀನನ್ನು ರೇಷ್ಮೆಹುಳುವಿನ ಮೈಗೆ ಸೇರಿಸಿದರೆ ಹೇಗೆ ಎಂದು ಯಾರೋ ಪುಣ್ಯಾತ್ಮರಿಗೆ ಹೊಳೆಯಿತು. ರೇಷ್ಮೆ ಎಳೆಯ ಒಳಗೆ ನೂಲು, ಹೊರಗೆ ಅಂಟು. ಹೊಸ ತಳಿಯ ಹುಳು ನೂಲನ್ನು ಮಾಮೂಲಿಯಾಗಿ ಬಿಟ್ಟು, ಅಂಟಿನಲ್ಲಿ ಬೆಳವಣಿಗೆ ಅಂಶವನ್ನು ಬೆರೆಸಿ ಗೂಡು ಕಟ್ಟುತ್ತಿತ್ತು. ಗೂಡನ್ನು ತಣ್ಣನೆಯ ಉಪ್ಪುನೀರಿನಲ್ಲಿ ನೆನೆಸಿದರೆ ಅಂಟು ಊದಿ ಅಂಶವನ್ನು ಬಿಟ್ಟುಕೊಡುತ್ತಿತ್ತು. ಸೋಸಿ, ಶುದ್ಧಿ ಮಾಡಿ ಕೋಶಗಳಿಗೆ ಕೊಡುವುದು ನಮ್ಮ ಕೆಲಸ. ಕೋಟಿಗಟ್ಟಲೆ ಬೆಲೆಯ ಕಾರ್ಖಾನೆ ಮಾಡಬೇಕಾದದ್ದನ್ನು ನಮ್ಮೂರ ಹೆಂಗಸರು ಸಗಣಿ ಸಾರಿಸಿದ ಹುಳದ ಮನೆಯಲ್ಲಿ ಮಾಡಿ ತೋರಿಸಿದರು.

ಕೋಶದ ಮನೆಯ ಗೋಡೆಯ ಮೇಲೆ ಎರಡು ನಿಯಮ ಬರೆಸಿದ್ದರು. 'ಗೂಡಿಗೆ ಬಿಸಿನೀರು ಮುಟ್ಟಿಸಬಾರದು.' 'ಒಂದು ಚಿಟ್ಟೆಯೂ ಹೊರಗೆ ಹೋಗಬಾರದು.' ಪ್ರೋಟೀನು ಮೊಟ್ಟೆಯ ಬಿಳಿಯಿದ್ದಂತೆ, ಒಮ್ಮೆ ಬೆಂದರೆ ಹಿಂದಿನ ಸ್ಥಿತಿಗೆ ಬರುವುದಿಲ್ಲ ಎಂಬುದು ಮೊದಲನೆಯದಕ್ಕೆ ಕಾರಣ. ಮನುಷ್ಯನ ಜೀನು ಹೊತ್ತ ಚಿಟ್ಟೆ ಹೊರಗಿನ ರೇಷ್ಮೆ ತಳಿಯೊಂದಿಗೆ ಕೂಡಿಬಿಟ್ಟೀತೆಂಬ ಭಯ ಎರಡನೆಯದಕ್ಕೆ. ಹಾಗಾಗಿ ಗೂಡು ಬಂದ ಕೂಡಲೇ ತಣ್ಣನೆ ಕೋಣೆಗೆ ಹಾಕಬೇಕು, ಇಲ್ಲವೇ ಚಿಟ್ಟೆ ಹೊರಬರುವ ಮುಂಚೆ ಶುದ್ಧ ಕೋಣೆಯಲ್ಲಿ ಕೂತು ಗೂಡಿನ ತಲೆ ಕತ್ತರಿಸಿ ಒಳಗಿನ ಹುಳುವನ್ನು ತೆಗೆಯಬೇಕು. ಬಿಟ್ಟರೆ ಚಿಟ್ಟೆ ಉಗುಳು ಬಿಟ್ಟು ಗೂಡನ್ನು ತೂತು ಮಾಡಿಕೊಂಡು ಬರುತ್ತದೆ, ಆ ಉಗುಳಿಗೆ ಅಂಶವೂ ಹಾಳು.

ಅಮ್ಮನ ಹೆಸರು ಸುನಂದಮ್ಮ. ಊರು ಸೀಗೆದೊಡ್ಡಿ, ಆಸ್ಪತ್ರೆಯಿಂದ ಬಸ್ಸಿನಲ್ಲಿ ಮುಕ್ಕಾಲು ಗಂಟೆ. ನಾನು ಹೈಸ್ಕೂಲು ಸೇರುವ ಮುಂಚೆಯೇ ಅಪ್ಪ ತೀರಿಕೊಂಡರು. ಅಮ್ಮ ನನ್ನನ್ನೂ ಹುಳುಗಳನ್ನೂ ಒಂದೇ ಗದರಿಕೆಯಲ್ಲಿ ಸಾಕಿದಳು. ಹುಳ ಸೊಪ್ಪು ತಿನ್ನುವ ಸದ್ದಿನಲ್ಲೇ ಕೂತು ನಾನು ಎಸ್ಸೆಸ್ಸೆಲ್ಸಿಗೆ ಓದಿದೆ. ಹೊಸ ತಳಿ ಬಂದಾಗ ನೋಡಲು ಬಂದ ತಹಸೀಲ್ದಾರರನ್ನು ಅಮ್ಮ ಹೊಸ್ತಿಲಲ್ಲೇ ತಡೆದು, "ಸೆಂಟು ಹಾಕ್ಕಂಡ್ ಬಂದಿದೀರ ಸಾರ್, ಆ ಗಮಲಿಗೆ ನನ್ನ ಹುಳ ಸೊಪ್ಪು ಬುಡ್ತವೆ" ಎಂದು ವಾಪಸು ಕಳಿಸಿದ್ದಳು. ಆಗೆಲ್ಲ ನನಗೆ ಅವಮಾನವಾಗುತ್ತಿತ್ತು. ಈಗ ಆ ಹೊಸ್ತಿಲಲ್ಲಿ ನಿಂತು ಒಮ್ಮೆ ಬೈಸಿಕೊಳ್ಳಬೇಕೆನಿಸುತ್ತದೆ.

ಖುರ್ಷಿದಾಬಿ ನೂಲು ಬಿಚ್ಚುವ ಮನೆತನದವರು. ಗೂಡಿನ ಮಾರುಕಟ್ಟೆಯಲ್ಲಿ ಇಪ್ಪತ್ತು ವರ್ಷ ಅಮ್ಮನ ಗೂಡು ಕೊಂಡವರು. ಇಬ್ಬರದೂ ಜಗಳದ ಸ್ನೇಹ. ಖುರ್ಷಿದಾಬಿ ಒಂದು ಗೂಡನ್ನು ಕಿವಿಯ ಹತ್ತಿರ ಕುಲುಕಿ, "ಏನ್ ಸುನಂದಮ್ಮ, ಈ ಸಲ ಹುಳಕ್ಕೆ ಉಪವಾಸ ಕೆಡವಿದ್ದೀಯ" ಎನ್ನುತ್ತಿದ್ದರು. ಅಮ್ಮ ಅವರ ಕೈಯಿಂದ ಗೂಡು ಕಿತ್ತುಕೊಂಡು, "ನಿನ್ ಕಿವಿಗೆ ವಯಸ್ಸಾಯ್ತು ಖುರ್ಷಿದಕ್ಕ" ಎನ್ನುತ್ತಿದ್ದಳು. ಆಮೇಲೆ ಒಟ್ಟಿಗೇ ಕೂತು ಟೀ ಕುಡಿಯುತ್ತಿದ್ದರು.

ಕೋಶದ ಮನೆ ಶುರುವಾದಾಗ ಗೂಡು ಆರಿಸಿ ಕತ್ತರಿಸಲು ಪರದೇಶದಿಂದ ಯಂತ್ರ ತರಿಸಿದರು. ಅದು ಹತ್ತರಲ್ಲಿ ಮೂರು ಗೂಡಿನೊಳಗಿನ ಹುಳುವನ್ನೂ ಸೇರಿಸಿ ಕತ್ತರಿಸಿ, ರಸ ಚೆಲ್ಲಿ, ಇಡೀ ತಟ್ಟೆ ಹಾಳು ಮಾಡುತ್ತಿತ್ತು. ನಮ್ಮ ಮುಖ್ಯಸ್ಥರು ಡಾಕ್ಟರ್ ಉತ್ತಯ್ಯ, ಕೊಡಗಿನವರು, ಹೆಚ್ಚು ಮಾತಿಲ್ಲದ ಮನುಷ್ಯ. ಅವರು ಯಂತ್ರಕ್ಕೆ ಬಟ್ಟೆ ಹೊದಿಸಿ, ನೂಲು ಬಿಚ್ಚುವವರ ಬೀದಿಗೆ ಹೋಗಿ ಖುರ್ಷಿದಾಬಿಯವರನ್ನು ಕರೆತಂದರು. ಆಗ ಅವರಿಗೆ ಅರವತ್ತು. ನಾಲ್ಕು ದಶಕ ಬಿಸಿನೀರಿನಲ್ಲಿ ಬೆಂದ ಬೆರಳುಗಳು ಬಿಳಿಚಿಕೊಂಡು ಸುಕ್ಕಾಗಿದ್ದವು. ಆ ಬೆರಳಿಂದ ಗೂಡು ಮುಟ್ಟಿದರೆ ಒಳಗಿನ ಹುಳು ಯಾವ ಕಡೆ ತಲೆ ಹಾಕಿದೆ ಎಂದು ಹೇಳುತ್ತಿದ್ದರು. ನಾನು ಅವರನ್ನು ಖಾಲಾ, ಅಂದರೆ ಚಿಕ್ಕಮ್ಮ, ಎಂದು ಕರೆಯುತ್ತಿದ್ದೆ. ಮಧ್ಯಾಹ್ನ ಅವರ ಡಬ್ಬಿಯ ಅರ್ಧ ನನ್ನ ತಟ್ಟೆಗೆ ಬರುತ್ತಿತ್ತು.

ಕೆಲಸಕ್ಕೆ ಸೇರಿದ ಎರಡನೇ ವರ್ಷ, ನಾನು ಬಸುರಿಯಾದ ಹೊಸದರಲ್ಲೇ, ಅಮ್ಮನ ಕುತ್ತಿಗೆಯಲ್ಲಿ ಗಂಟು ಕಾಣಿಸಿತು. ದುಗ್ಧಗ್ರಂಥಿಯ ಕ್ಯಾನ್ಸರು. ಮೊದಲಿನ ಮದ್ದಿಗೆ ಕೂದಲು ಉದುರಿತೇ ಹೊರತು ಗಂಟು ಕರಗಲಿಲ್ಲ. ನನಗೆ ಏಳು ತಿಂಗಳು ತುಂಬಿದಾಗ ಡಾಕ್ಟರ್ ಉತ್ತಯ್ಯನವರು ಅಮ್ಮನ ರಕ್ತ ತೆಗೆದು ಕಾವಲು ಕೋಶಗಳನ್ನು ನಮ್ಮಲ್ಲೇ ಬೆಳೆಯಲು ಇಟ್ಟರು. "ಇನ್ನೊಮ್ಮೆ ರಕ್ತ ತೆಗೆಯೋ ಶಕ್ತಿ ಅವರ ಮೈಯಲ್ಲಿ ಇಲ್ಲಮ್ಮ. ಇದೇ ಮೊದಲು, ಇದೇ ಕೊನೆ" ಎಂದು ನನಗೆ ನೇರವಾಗಿಯೇ ಹೇಳಿದರು. ನನ್ನ ಗಂಡ ಆಗ ಬಳ್ಳಾರಿಯಲ್ಲಿ ಕೆಲಸದಲ್ಲಿದ್ದ. ಹಗಲು ಸೂಕ್ಷ್ಮದರ್ಶಕದಲ್ಲಿ ಅಮ್ಮನ ಕೋಶಗಳನ್ನು ನೋಡುವುದು, ಸಂಜೆಯ ಬಸ್ಸಿಗೆ ಸೀಗೆದೊಡ್ಡಿಗೆ ಹೋಗಿ ಅಮ್ಮನನ್ನು ನೋಡುವುದು, ಹೀಗೆ ನನ್ನ ದಿನಗಳು ಹೋಗುತ್ತಿದ್ದವು. ಕೋಶಗಳು ದುಂಡಗೆ ಹೊಳೆಯುತ್ತಾ ದ್ರಾಕ್ಷಿ ಗೊಂಚಲಿನಂತೆ ಗುಂಪುಗೂಡಿದ್ದವು. ಅಮ್ಮ ಕರಗುತ್ತಿದ್ದಳು.

ಆ ಬೇಸಿಗೆ ಹಾಲು ರೋಗ ಬಡಿದು ಸುತ್ತಲಿನ ಎಲ್ಲರ ಹುಳುಗಳೂ ಸತ್ತಿದ್ದವು. ಉಳಿದದ್ದು ಅಮ್ಮನ ಬೆಳೆಯೊಂದೇ. ಅವಳು ಹಾಸಿಗೆ ಹಿಡಿದ ಮೇಲೆ ಬೀದಿಯ ಹೆಂಗಸರೆಲ್ಲ ಮುಯ್ಯಾಳಾಗಿ ಬಂದು, ಹಣ್ಣಾದ ಹುಳುಗಳನ್ನು ಆರಿಸಿ, ಗೂಡು ಕಟ್ಟಲು ಬಿದಿರಿನ ಚಂದ್ರಿಕೆ ತಟ್ಟೆಗೆ ಬಿಟ್ಟುಕೊಟ್ಟರು. ಅಮ್ಮ ಮಂಚದಿಂದಲೇ ಎಲ್ಲರನ್ನೂ ಬೈದಳು. ಮೂರು ಸಾವಿರ ಗೂಡು. ಅವು ಕೋಶದ ಮನೆಗೆ ಬಂದು ಹೊರಗಿನ ಕೋಣೆಯ ತಟ್ಟೆಗಳಲ್ಲಿ ಕೂತವು. ಅಮ್ಮನ ಕೋಶಗಳಿಗೆ ಬೇಕಾದ ಮಾತು ಅಮ್ಮನ ಗೂಡಿನಲ್ಲೇ ಇತ್ತು. ಇದನ್ನು ನೆನೆದು ನನಗೆ ಆಗ ಏನೋ ಒಂದು ಹೆಮ್ಮೆ.

ಶನಿವಾರ ಬೆಳಿಗ್ಗೆ ಗೂಡು ಕತ್ತರಿಸುವುದೆಂದು ಬರೆದಿಟ್ಟಿದ್ದೆ. ಒಂಬತ್ತು ಗಂಟೆಗೆ ಸೀಗೆದೊಡ್ಡಿಯಿಂದ ಫೋನು ಬಂತು, ಅಮ್ಮನಿಗೆ ವಿಪರೀತ ಜ್ವರ. ಒಳಗಿನ ಬಾಗಿಲುಗಳಿಗೆಲ್ಲ ಬೀಗ ಹಾಕಿ, ಹೊರಗಿನ ಕೋಣೆಯನ್ನು ಖಾಲಾಗೆ ಬಿಟ್ಟು, ಅವರಿಗೆ "ಅಮ್ಮನಿಗೆ ಹುಷಾರಿಲ್ಲ, ಬರ್ತೀನಿ" ಎಂದು ಹೇಳಿ ಬಸ್ಸು ಹತ್ತಿದೆ. ತಣ್ಣನೆ ಕೋಣೆ, ಶುದ್ಧ ಕೋಣೆ, ಎರಡರ ಬೀಗದ ಕೈಯೂ ನನ್ನ ಬ್ಯಾಗಿನಲ್ಲೇ ಉಳಿಯಿತು. ಇನ್ನೊಂದು ಜೊತೆ ಡಾಕ್ಟರ ಹತ್ತಿರ ಇತ್ತು, ಅವರು ದೆಹಲಿಗೆ ಸಭೆಗೆ ಹೋಗಿದ್ದರು.

ಭಾನುವಾರ ಖಾಲಾ ಏಳು ಸಲ ಫೋನು ಮಾಡಿದರು. ನನಗೆ ಕಾಣಿಸಿತು. ನಾನು ಎತ್ತಲಿಲ್ಲ. ಅಮ್ಮನ ತಲೆಯ ಮೇಲೆ ಒದ್ದೆ ಬಟ್ಟೆ ಇಡುತ್ತಿದ್ದೆ, ಊಟದ ಡಬ್ಬಿಯ ವಿಚಾರವೋ ರಜೆಯ ವಿಚಾರವೋ ಇರಬೇಕು, ಆಮೇಲೆ ಮಾಡಿದರಾಯಿತು ಎಂದುಕೊಂಡೆ. ಆಮೇಲೆ ಮಾಡಲಿಲ್ಲ. ಸಂಜೆಗೆ ಅಮ್ಮನ ಜ್ವರ ಇಳಿಯಿತು.

ಸೋಮವಾರ ಬೆಳಿಗ್ಗೆ ನಾನು ಕೋಶದ ಮನೆಗೆ ಬಂದಾಗ ಖಾಲಾ ಮೆಟ್ಟಿಲ ಮೇಲೆ ಕೂತಿದ್ದರು. ಪಕ್ಕದಲ್ಲಿ ಬಿಳಿ ಬಟ್ಟೆ ಮುಚ್ಚಿದ ಬುಟ್ಟಿಗಳು. ಮುಖದಲ್ಲಿ ಆಯಾಸ, ಆದರೆ ಒಂದು ಥರದ ಸಮಾಧಾನ.

"ನಿಮ್ಮಮ್ಮ ಹೆಂಗಿದಾರಮ್ಮ?" ಎಂದು ಮೊದಲು ಕೇಳಿದರು. ಜ್ವರ ಬಿಟ್ಟಿದೆ ಎಂದೆ. "ಯಾ ಅಲ್ಲಾ, ಒಳ್ಳೇದಾಯ್ತು. ಇಲ್ಲೂ ನೀನು ಹೆದರ್ಕೋಬೇಡ. ನಿನ್ನೆ ಸೆಕೆಗೆ ಚಿಟ್ಟೆ ಏಳೋಕೆ ಶುರು ಮಾಡಿದ್ವು. ಬಾಗಿಲಿಗೆ ಬೀಗ, ಬ್ಲೇಡೂ ಒಳಗೇ. ನಿನಗೆ ಫೋನ್ ಮಾಡ್ದೆ. ಆಮೇಲೆ ಆಟೋದಲ್ಲಿ ಮನೆಗೆ ತಗೊಂಡ್ ಹೋಗಿ ಒಂದ್ ಹಬೆ ಕೊಟ್ಬಿಟ್ಟೆ. ಮೂರು ಸಾವಿರದಲ್ಲಿ ಒಂದೂ ತೂತಾಗಿಲ್ಲ, ನೋಡು." ಬಟ್ಟೆ ಸರಿಸಿ ತೋರಿಸಿದರು. ಗೂಡುಗಳು ಹಳದಿಯಾಗಿ, ಗಟ್ಟಿಯಾಗಿ, ಮಾರುಕಟ್ಟೆಗೆ ಇಟ್ಟ ಹಾಗೆ ಇದ್ದವು.

ಅವರ ಲೆಕ್ಕದಲ್ಲಿ ಅದು ಸರಿಯೇ ಇತ್ತು. ನೂಲು ಬಿಚ್ಚುವವರಿಗೆ ಗೂಡನ್ನು ನೀರಿನಲ್ಲಿ ಬೇಯಿಸುವುದು ಬೇರೆ ಕೆಲಸ, ಹುಳು ಏಳದಂತೆ ಹಬೆ ಕೊಡುವುದು ಬೇರೆ ಕೆಲಸ. ಬಿಸಿನೀರು ಮುಟ್ಟಿಸಬಾರದು ಎಂಬ ಗೋಡೆಯ ಬರಹವನ್ನು ನಾನೇ ಓದಿ ಹೇಳಿದ್ದೆ, ಅವರು ಮುಟ್ಟಿಸಲಿಲ್ಲ. ಒಂದು ಚಿಟ್ಟೆಯೂ ಹೊರಗೆ ಹೋಗಬಾರದು ಎಂದಿತ್ತು, ಒಂದೂ ಹೋಗಲಿಲ್ಲ. ಹಬೆಯಿಂದ ಎಳೆಗೆ ಏನೂ ಆಗುವುದಿಲ್ಲ ಎಂದು ಅವರ ನಲವತ್ತು ವರ್ಷದ ಅನುಭವ ಹೇಳುತ್ತಿತ್ತು, ಎಳೆಗೆ ಏನೂ ಆಗಿರಲೂ ಇಲ್ಲ. ಅಂಟಿನಲ್ಲಿದ್ದ ಮಾತು ಬೆಂದುಹೋಗಿತ್ತು.

"ಖಾಲಾ, ಇದು ಅಮ್ಮನಿಗೆ ಕೊಡೋ ಗೂಡು" ಎಂದೆ. ಅಷ್ಟು ಹೇಳಿದ್ದೇ ತಡ, ಅವರಿಗೆ ಗೊತ್ತಾಯಿತು. ಬುಟ್ಟಿಯ ಬಟ್ಟೆಯನ್ನು ಮತ್ತೆ ಮುಚ್ಚಿದರು, ಅಂಚುಗಳನ್ನು ನೀಟಾಗಿ ಸರಿಮಾಡಿದರು, ಆಮೇಲೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡರು.

ಒಳಗೆ ಕೋಶಗಳಿಗೆ ಅಂಶ ಹನಿಸುವ ಯಂತ್ರದಲ್ಲಿ ಅಂದು ಸಂಜೆಯವರೆಗಿನದು ಮಾತ್ರ ಉಳಿದಿತ್ತು. ಮಧ್ಯಾಹ್ನದ ಹೊತ್ತಿಗೆ ದೆಹಲಿಯಿಂದ ಬಂದಿಳಿದ ಡಾಕ್ಟರು ಸುತ್ತಲಿನ ಕೋಶದ ಮನೆಗಳಿಗೆಲ್ಲ ಫೋನು ಮಾಡಿದರು. ಹಾಲು ರೋಗದ ವರ್ಷ, ಯಾರ ಹತ್ತಿರವೂ ಇರಲಿಲ್ಲ. ಇದ್ದ ಒಂದೇ ಕಡೆಯಿಂದ ಬರಲು ಐದು ದಿನ ಬೇಕಿತ್ತು. ಅಮ್ಮನ ಕೋಶಗಳಿಗೆ ಬುಧವಾರದವರೆಗೆ ಮಾತ್ರ ಗಡುವು. "ಮನೆಗೆ ಹೋಗಿ ತಾಯಿ ಹತ್ತಿರ ಇರಮ್ಮ" ಎಂದರು. ಡಾಕ್ಟರು ಹಾಗೆ ಹೇಳಿದರೆ ಅರ್ಥವೇನೆಂದು ನನಗೆ ಗೊತ್ತಿತ್ತು.

ಬಿಸಿಲು ಇರುವಾಗಲೇ ಸೀಗೆದೊಡ್ಡಿ ಮುಟ್ಟಿದೆ. ಅಮ್ಮ ಗೋಡೆಗೆ ಒರಗಿ ಕೂತು ಏನೋ ಹೊಲಿಯುತ್ತಿದ್ದಳು, ನನ್ನನ್ನು ಕಂಡು ಕೌದಿಯಡಿ ತುರುಕಿದಳು. ಸುಳ್ಳು ಹೇಳಬೇಕೆಂದು ಬಸ್ಸಿನುದ್ದಕ್ಕೂ ಯೋಚಿಸಿಕೊಂಡು ಬಂದಿದ್ದೆ. ಅವಳ ಮುಖ ನೋಡಿ ಎಲ್ಲಾ ಹೇಳಿಬಿಟ್ಟೆ. ಒಂದನ್ನು ಬಿಟ್ಟು. ಬೀಗದ ಕೈಯ ವಿಷಯ ಬಾಯಿಗೆ ಬರಲಿಲ್ಲ.

"ಒಂದೂ ತೂತಾಗಿಲ್ವಂತಾ?" ಎಂದಳು ಅಮ್ಮ.

"ಇಲ್ಲ."

"ಮೂರ್ ಸಾವ್ರ ಗೂಡ್ನ ಒಬ್ಳೇ ಹಬೆಗಿಟ್ಟು ಇಳ್ಸಿದಾಳೆ, ಅರವತ್ತು ವರ್ಷದೋಳು. ನಾನಿದ್ರೂ ಅದ್ನೇ ಮಾಡ್ತಿದ್ದೆ ಕಣೆ. ಅವ್ಳನ್ನ ಬೈಬೇಡ."

ನನಗೆ ತಡೆಯಲಾಗಲಿಲ್ಲ, ಅವಳ ಕಾಲ ಮೇಲೆ ತಲೆಯಿಟ್ಟು ಅತ್ತೆ. ಅಮ್ಮ ಗಾಬರಿಯಾದಳು. "ಬಸ್ರಿ ಹೆಂಗ್ಸು ಹಿಂಗೆಲ್ಲ ಅಳಬಾರ್ದು" ಎಂದು ತಲೆ ಸವರಿದಳು. ಆಮೇಲೆ ಕೌದಿಯಡಿಯಿಂದ ಬಚ್ಚಿಟ್ಟದ್ದನ್ನು ಹೊರತೆಗೆದಳು. ಅಂಗೈ ಎರಡರಷ್ಟು ಅಗಲದ ಪುಟ್ಟ ದಿಂಬು. "ಹುಟ್ಟೋಕ್ ಮುಂಚೆ ಕೂಸಿಗೆ ಏನೂ ಮಾಡ್ಬಾರ್ದು ಅಂತಾರೆ, ಅದ್ಕೇ ಬಚ್ಚಿಟ್ಟಿದ್ದೆ. ನಾನು ಇರ್ತೀನೋ ಇಲ್ವೋ, ಮಾಡಿಟ್ರೆ ನಿನ್ನ ಕೈಗಾದ್ರೂ ಸಿಗ್ಲಿ ಅಂತ. ತಗೋ, ಅಳಬೇಡ."

ದಿಂಬನ್ನು ಕೆನ್ನೆಗೊತ್ತಿಕೊಂಡೆ. ಹತ್ತಿಯಂತಿರಲಿಲ್ಲ, ಬೂರುಗದ ಅರಳೆಯಂತೆಯೂ ಇರಲಿಲ್ಲ. ಹಿಡಿದರೆ ಚಿಗುರಿ ಮೇಲೇಳುತ್ತಿತ್ತು. "ಏನಮ್ಮ ತುಂಬಿರೋದು?"

"ಚಂದ್ರಿಕೆ ಮೇಲ್ ಉಳ್ಕೊಳ್ಳುತ್ತಲ್ಲ, ಅದು."

ಹುಳು ಗೂಡು ಕಟ್ಟುವ ಮುಂಚೆ ಹಿಡಿತಕ್ಕಾಗಿ ಸುತ್ತಲೂ ಜಾಳಾಗಿ ಒಂದಿಷ್ಟು ಎಳೆ ಎಸೆಯುತ್ತದೆ. ಗೂಡು ಬಿಡಿಸಿದ ಮೇಲೆ ಅದು ಚಂದ್ರಿಕೆಗೇ ಅಂಟಿಕೊಂಡಿರುತ್ತದೆ. ಅದನ್ನು ಬೆಂಕಿ ತೋರಿಸಿ ಸುಟ್ಟುಬಿಡಬೇಕೆಂದು ನಮ್ಮವರೇ ಅಮ್ಮನಿಗೆ ಹೇಳಿದ್ದರು. ಅಮ್ಮ ಕಡ್ಡಿ ಗೀರಿ, ನೋಡಿ, ಆರಿಸಿ, ಮೂರು ಬೆಳೆಯ ಎಳೆಯನ್ನೆಲ್ಲ ಬೆರಳಿನಿಂದ ಬಿಡಿಸಿ ಕೂಡಿಟ್ಟಿದ್ದಳು. "ಸುಡಕ್ಕೆ ಮನ್ಸ್ ಬರ್ಲಿಲ್ಲ ಕಣೆ, ಬೈಬೇಡ" ಎಂದಳು.

ನಾನು ಬೈಯುವ ಸ್ಥಿತಿಯಲ್ಲಿರಲಿಲ್ಲ. ಆ ಜಾಳು ಎಳೆಯಲ್ಲಿ ನೂಲಿಗಿಂತ ಅಂಟೇ ಹೆಚ್ಚು. ಬಿಸಿ ಕಂಡಿರಲಿಲ್ಲ, ನೀರು ಕಂಡಿರಲಿಲ್ಲ, ಚಿಟ್ಟೆಯ ಉಗುಳು ಕಂಡಿರಲಿಲ್ಲ. ಒಣಗಿದ ಅಂಟಿನಲ್ಲಿ ಅಂಶ ತಿಂಗಳುಗಟ್ಟಲೆ ಕೆಡದೆ ಇರುತ್ತದೆಂದು ನಾವೇ ಪರೀಕ್ಷಿಸಿ ಬರೆದಿದ್ದೆವು. "ಅಮ್ಮ, ಈ ದಿಂಬು ನನಗೆ ಈಗಲೇ ಬೇಕು" ಎಂದೆ.

"ಕೂಸಿನ್ ದಿಂಬ್ ಬಿಚ್ತೀಯ?" ಅಮ್ಮನ ಮುಖ ಸಣ್ಣದಾಯಿತು.

"ಕೂಸಿಗೆ ದಿಂಬಿಗಿಂತ ಅಜ್ಜಿ ಬೇಕು."

ಐದೂವರೆಯ ಬಸ್ಸಿಗೆ ವಾಪಸು ಹೊರಟೆ, ದಿಂಬು ತೊಡೆಯ ಮೇಲೆ.

ಆದರೆ ದಿಂಬು ಬಿಚ್ಚಿದರೆ ಒಳಗೆ ಎಳೆಯ ಜೊತೆ ಸೊಪ್ಪಿನ ಚೂರು, ಒಣಗಿದ ಹಿಕ್ಕೆ, ಬಿದಿರಿನ ಸಿಬಿರು ಎಲ್ಲ ಹೆಣೆದುಕೊಂಡಿತ್ತು. ನಾನು ಚಿಮುಟ ಹಿಡಿದು ಒಂದು ಗಂಟೆ ಹೆಣಗಿದರೆ ಒಂದು ಚಮಚದಷ್ಟೂ ಶುದ್ಧವಾಗಲಿಲ್ಲ. ಮಂಗಳವಾರ ಬೆಳಿಗ್ಗೆ ಡಾಕ್ಟರು ಖುರ್ಷಿದಾಬಿಯವರಿಗೆ ಹೇಳಿ ಕಳಿಸಿದರು. ಅವರು ಬಂದು, ಕೈ ತೊಳೆದು, ನಿಲುವಂಗಿ ತೊಟ್ಟು, ನನ್ನ ಎದುರಿನ ಸ್ಟೂಲಿನಲ್ಲಿ ಕೂತರು. ಅವರ ಬೆರಳು ಎಳೆಯೊಳಗೆ ಹೋಗಿ ಕಸವನ್ನಷ್ಟೇ ಹಿಡಿದು ಹೊರಬರುತ್ತಿತ್ತು. ಸಂಜೆ ನಾಲ್ಕರವರೆಗೆ ನೀರೂ ಕುಡಿಯದೆ ಕೂತರು. ಕೊನೆಗೆ ಅವರ ಮುಂದಿನ ಬಟ್ಟಲಲ್ಲಿ ತಿಳಿ ಹಳದಿಯ, ಹಗುರವಾದ ಒಂದು ಮುದ್ದೆ ಉಳಿಯಿತು.

ಉಪ್ಪುನೀರಿನಲ್ಲಿ ನೆನೆಸಿ, ಮೂರು ಸಲ ಸೋಸಿ, ಬುಧವಾರ ಬೆಳಿಗ್ಗೆ ಕೋಶಗಳಿಗೆ ಕೊಟ್ಟೆವು. ಅಷ್ಟು ಹೊತ್ತಿಗೆ ಅರ್ಧಕ್ಕಿಂತ ಹೆಚ್ಚು ಕೋಶಗಳು ಸುಕ್ಕಾಗಿ ಕಪ್ಪಗಾಗಿದ್ದವು. ಗುರುವಾರ ಹತ್ತು ಗಂಟೆಗೆ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟೆ. ಉಳಿದವುಗಳಲ್ಲಿ ಒಂದು ಎರಡಾಗುತ್ತಿತ್ತು, ಪಕ್ಕದಲ್ಲಿ ಇನ್ನೊಂದು. ನಾನು ಖಾಲಾರ ಕೈ ಹಿಡಿದೆಳೆದು ಅವರ ಕಣ್ಣನ್ನೂ ಅಲ್ಲಿಗೆ ಇಡಿಸಿದೆ. "ಇದು ಸುನಂದಮ್ಮಾನಾ?" ಎಂದು ಕೇಳಿದರು. ಹೌದು ಎಂದೆ. "ಜಗಳಗಂಟಿ. ಸಾಯಲ್ಲ ಬಿಡು" ಎಂದರು. ದಿಂಬಿನ ಅಂಶ ಶನಿವಾರದವರೆಗೆ ಸಾಕಾಯಿತು, ಅಂದೇ ಹೊರಗಿನಿಂದ ತರಿಸಿದ್ದು ತಲುಪಿತು. ಮೂರು ವಾರಕ್ಕೆ ಅಮ್ಮನ ಕೋಶಗಳು ಅಮ್ಮನ ರಕ್ತಕ್ಕೆ ಮರಳಿದವು. ಮಳೆಗಾಲ ಶುರುವಾಗುವ ಹೊತ್ತಿಗೆ ಕುತ್ತಿಗೆಯ ಗಂಟು ಕೈಗೆ ಸಿಗುತ್ತಿರಲಿಲ್ಲ.

ಕಥೆ ಇಲ್ಲಿಗೆ ಮುಗಿದಿದ್ದರೆ ನಾನು ಇದನ್ನು ಬರೆಯಬೇಕಾಗಿರಲಿಲ್ಲ.

ಬೆಳೆ ನಷ್ಟವಾದದ್ದಕ್ಕೆ ವಿಚಾರಣೆ ನಡೆಯಿತು. ಮೇಲಿನಿಂದ ಬಂದ ಅಧಿಕಾರಿ ಖುರ್ಷಿದಾಬಿಯವರನ್ನು ನಿಲ್ಲಿಸಿಯೇ ಪ್ರಶ್ನೆ ಕೇಳಿದರು. ನಾನು ಮತ್ತು ಡಾಕ್ಟರು ಪಕ್ಕದಲ್ಲಿ ಕೂತಿದ್ದೆವು.

"ಹಬೆಗೆ ಯಾರು ಇಟ್ಟಿದ್ದು?"

"ನಾನೇ ಸಾರ್."

"ತಣ್ಣನೆ ಕೋಣೆ ಇತ್ತಲ್ಲ? ಅಲ್ಲಿ ಯಾಕೆ ಇಡಲಿಲ್ಲ?"

ಖಾಲಾ ನನ್ನ ಕಡೆ ನೋಡಿದರು. ಅವರ ಕಣ್ಣು ನನ್ನ ಮುಖದಿಂದ ನನ್ನ ಹೊಟ್ಟೆಗೆ ಇಳಿಯಿತು. ಆಮೇಲೆ ಅಧಿಕಾರಿಯನ್ನು ನೋಡಿ, "ತೋಚಲಿಲ್ಲ ಸಾರ್. ಓದು ಬರಹ ಇಲ್ಲದೋಳು" ಎಂದರು.

ನಾನು ಆಗ ಎದ್ದು ನಿಲ್ಲಬೇಕಿತ್ತು. ನನ್ನ ಕೆಲಸ ಆಗಿನ್ನೂ ಕಾಯಂ ಆಗಿರಲಿಲ್ಲ, ಅಮ್ಮ ಇನ್ನೂ ಹಾಸಿಗೆಯಲ್ಲಿದ್ದಳು, ಎಂಟನೇ ತಿಂಗಳು ನಡೆಯುತ್ತಿತ್ತು. ನೆಪಗಳಿಗೆ ಏನು ಕಡಿಮೆ. ನಾನು ಏಳಲಿಲ್ಲ. ಖಾಲಾರನ್ನು ಅಂದೇ ಕೆಲಸದಿಂದ ತೆಗೆದರು.

ಗೇಟಿನ ಹತ್ತಿರ ಓಡಿಹೋಗಿ ಅವರನ್ನು ತಡೆದೆ. "ಖಾಲಾ, ಬೀಗದ ಕೈ ನನ್ನ ಹತ್ತಿರ..." ಎನ್ನುತ್ತಿದ್ದಂತೆ ಅವರು ನನ್ನ ಬಾಯಿಗೆ ಕೈ ಅಡ್ಡ ಹಿಡಿದರು. "ಬಸ್ರಿ ಹೆಣ್ಣನ್ನ ನಾಲ್ಕು ಜನರ ಮುಂದೆ ನಿಲ್ಲಿಸಿ ಅಳಿಸಬಾರದು. ನಮ್ಮಲ್ಲೂ ಇಲ್ಲ, ನಿಮ್ಮಲ್ಲೂ ಇಲ್ಲ. ನನಗೆ ಹೆಂಗಿದ್ರೂ ವಯಸ್ಸಾಯ್ತು. ಹೋಗು, ಏನಾದ್ರೂ ತಿನ್ನು." ತಮ್ಮ ಡಬ್ಬಿಯನ್ನು ನನ್ನ ಕೈಗೆ ಕೊಟ್ಟು ನಡೆದರು. ಆ ಬೆರಳುಗಳ ವಾಸನೆ ನನಗೆ ಈಗಲೂ ನೆನಪಿದೆ, ಒದ್ದೆ ರೇಷ್ಮೆಯ ವಾಸನೆ.

ಮಗಳು ಹುಟ್ಟಿದಳು, ಇಬ್ಬನಿ ಎಂದು ಹೆಸರಿಟ್ಟೆವು. ನಾಮಕರಣದ ದಿನ ಸೀಗೆದೊಡ್ಡಿಯ ಮನೆಗೆ ಖುರ್ಷಿದಾಬಿ ಬಂದರು. ಕರೆಯಲು ನನಗೆ ಮುಖವಿರಲಿಲ್ಲ, ಅಮ್ಮನೇ ಹೇಳಿ ಕಳಿಸಿದ್ದಳು. ಅವರು ಕಾಗದ ಬಿಚ್ಚಿ ಒಂದು ಕುಲಾವಿ ತೆಗೆದರು. ತಿಳಿ ಹಳದಿ ರೇಷ್ಮೆಯದು, ಅಂಚಿಗೆ ಹಸಿರು ದಾರ. ಸುಟ್ಟುಹಾಕಿ ಎಂದು ಡಾಕ್ಟರು ಅವರ ಕೈಗೇ ಕೊಟ್ಟಿದ್ದ ಬುಟ್ಟಿಗಳಿಂದ ಒಂದಿಷ್ಟು ಗೂಡನ್ನು ಉಳಿಸಿಕೊಂಡು, ಮನೆಯಲ್ಲಿ ನೂಲು ಬಿಚ್ಚಿ, ತಾವೇ ಹೆಣೆದಿದ್ದರು.

ಅಮ್ಮ ಅದನ್ನು ಕೈಯಲ್ಲಿ ಹಿಡಿದು ತಿರುಗಿಸಿ ಮುರುಗಿಸಿ ನೋಡಿದಳು. "ಎಳೆ ಒಂದೇ ಸಮ ಇಲ್ಲ ಖುರ್ಷಿದಕ್ಕ. ಕೈ ನಡುಗ್ತಾ ಐತೆ ನಿಂಗೆ."

"ಗೂಡು ಚೆನ್ನಾಗಿದ್ರೆ ಎಳೆ ಚೆನ್ನಾಗಿ ಬರುತ್ತೆ ಸುನಂದಮ್ಮ. ಹುಳಕ್ಕೆ ಉಪವಾಸ ಕೆಡವಿದ್ದು ನೀನು."

ಇಬ್ಬರೂ ನಕ್ಕರು, ನಗುತ್ತಲೇ ಕಣ್ಣೊರೆಸಿಕೊಂಡರು. ನಾನು ಒಳಗೆ ಹೋಗಿ ಟೀ ಮಾಡಿದೆ.

ಅಮ್ಮ ಆಮೇಲೆ ಹನ್ನೊಂದು ವರ್ಷ ಬದುಕಿದಳು, ಕೊನೆಗೆ ಅವಳನ್ನು ಕೊಂಡೊಯ್ದದ್ದು ಕ್ಯಾನ್ಸರಲ್ಲ, ಹೃದಯ. ಇಬ್ಬನಿಗೆ ಸೊಪ್ಪು ಕತ್ತರಿಸುವುದನ್ನೂ ಬೈಯುವುದನ್ನೂ ಕಲಿಸಿ ಹೋದಳು. ಖುರ್ಷಿದಾಬಿ ಅವಳಿಗಿಂತ ಎರಡು ವರ್ಷ ಮೊದಲೇ ಹೋಗಿದ್ದರು. ಹೇಳಬೇಕು ಹೇಳಬೇಕು ಎಂದುಕೊಂಡು ನಾನು ಮೊದಲು ಹೆದರಿಕೆಯಿಂದ ಸುಮ್ಮನಿದ್ದೆ, ಆಮೇಲೆ ಸುಮ್ಮನಿರುವುದೇ ಅಭ್ಯಾಸವಾಯಿತು. ಸೀಗೆದೊಡ್ಡಿಯಲ್ಲಿ ಈಗ ಒಂದೇ ಒಂದು ಚಂದ್ರಿಕೆ ಇಲ್ಲ.

ಮುಚ್ಚುವ ದಿನ ನನಗೆ ಎರಡು ಮಾತಾಡಲು ಹೇಳಿದ್ದರು. ಕಿರುಹೊತ್ತಿಗೆಯ ನಾಲ್ಕನೇ ಪುಟ ತೆಗೆದು ಆ ಸಾಲನ್ನು ಗಟ್ಟಿಯಾಗಿ ಓದಿದೆ. "ಇದು ಸುಳ್ಳು. ಅಜ್ಞಾನ ಅವರದಲ್ಲ. ಬೀಗದ ಕೈ ನನ್ನ ಬ್ಯಾಗಿನಲ್ಲಿತ್ತು, ಏಳು ಸಲ ಫೋನು ಮಾಡಿದರೂ ನಾನು ಎತ್ತಲಿಲ್ಲ, ವಿಚಾರಣೆಯಲ್ಲಿ ಬಾಯಿ ಬಿಡಲಿಲ್ಲ" ಎಂದೆ. ಸಭೆಯಲ್ಲಿ ಯಾರೂ ಚಪ್ಪಾಳೆ ತಟ್ಟಲಿಲ್ಲ. ಮೊದಲ ಸಾಲಿನಲ್ಲಿ ಕೂತಿದ್ದ ಇಬ್ಬನಿ ನನ್ನನ್ನೇ ನೋಡುತ್ತಿದ್ದಳು. ಕೆಳಗಿಳಿದಾಗ, "ಅಜ್ಜಿಗೆ ಗೊತ್ತಿತ್ತಾ?" ಎಂದು ಕೇಳಿದಳು. ಗೊತ್ತಿಲ್ಲ ಮಗಳೇ ಎಂದೆ. ನಿಜವಾಗಿಯೂ ನನಗೆ ಗೊತ್ತಿಲ್ಲ.

ಹೊರಗಿನ ಕೋಣೆಯಲ್ಲಿ ಹಳೆಯ ಸಾಮಾನುಗಳನ್ನು ಗಾಜಿನ ಪೆಟ್ಟಿಗೆಯಲ್ಲಿ ಜೋಡಿಸಿದ್ದರು. ಒಂದು ಚಂದ್ರಿಕೆ, ಒಂದಿಷ್ಟು ಗೂಡು, ಬಟ್ಟೆ ಹೊದಿಸಿದ್ದ ಆ ಯಂತ್ರದ ಫೋಟೊ. ನಾನು ಕುಲಾವಿಯನ್ನು ಅವುಗಳ ಪಕ್ಕದಲ್ಲಿಟ್ಟೆ. ಬೀಗದ ಕೈಗೊಂಚಲನ್ನು ಎಣಿಸಿ ತೆಗೆದುಕೊಂಡ ಹೊಸ ಅಧಿಕಾರಿ, "ತಣ್ಣನೆ ಕೋಣೆಯದು ಇಲ್ವಲ್ಲ ಮೇಡಂ" ಎಂದರು. ಆ ಬಾಗಿಲು ಇನ್ನು ಯಾರಿಗೂ ಬೇಕಾಗುವುದಿಲ್ಲ ಬಿಡಿ ಎಂದೆ.

ಆ ಬೀಗದ ಕೈ ಕುಲಾವಿಯ ಒಳಗಿದೆ. ಮುಂದಿರುವ ಚೀಟಿಯನ್ನು ನನ್ನ ಕೈಯಿಂದಲೇ ಬರೆದಿದ್ದೇನೆ: 'ನೂಲು ಬಿಚ್ಚಿ ಹೆಣೆದವರು ಖುರ್ಷಿದಾಬಿ. ಬೀಗ ಹಾಕಿಕೊಂಡು ಹೋದವಳು ಸಿಂಚನಾ.'